ಹಸಿವಿನ ಪಾಠಕ್ಕೆ ಮೊದಲು ಊಟ

ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಸುತ್ತುತ್ತಿವೆ. ಮಕ್ಕಳನ್ನು ಮೌನವಾಗಿ ಕೂರಿಸಿ, ಗಮನವಿಟ್ಟು ನೋಡಿಸಿ, ಬರೆಸಿ, ಹಸಿವು ಅಂದರೇನು, ಅನುಕೂಲ ಅಂದರೇನು ಎಂದು ಕಲಿಸುವುದು ಹೇಗೆ? ಬರೆದವರೆಲ್ಲ ಶಿವಮೊಗ್ಗ ಜಿಲ್ಲೆಯ ಶಿಕ್ಷಕರು, ಉಪನ್ಯಾಸಕರು, ಪೋಷಕರು. ಪತ್ರಗಳನ್ನು ಚಿಕ್ಕದು ಮಾಡಿದ್ದೇವೆ, ಹೆಸರು ಮತ್ತು ಶಾಲೆಯನ್ನು ಬಿಟ್ಟಿದ್ದೇವೆ.

ಪ್ರಶ್ನೆ: ಎಂಟನೇ ತರಗತಿಯವರನ್ನು ದಿನಾ ಪ್ರಾರ್ಥನೆ ಮುಗಿದ ಕೂಡಲೇ ಐದು ನಿಮಿಷ ಕಣ್ಣು ಮುಚ್ಚಿಸಿ ಮೌನವಾಗಿ ಕೂರಿಸುತ್ತಿದ್ದೇನೆ. ತರಬೇತಿಯಲ್ಲಿ ಹಾಗೆ ಹೇಳಿಕೊಟ್ಟಿದ್ದರು. ಕೆಲವರು ತೂಕಡಿಸುತ್ತಾರೆ, ಕೆಲವರು ಕಿಸಕ್ಕನೆ ನಗುತ್ತಾರೆ. ಒಬ್ಬ ಹುಡುಗ ಎರಡು ಸಲ ತಲೆ ಸುತ್ತುತ್ತದೆ ಎಂದ. ಎಲ್ಲಿ ಎಡವುತ್ತಿದ್ದೇನೆ?
— ಪ್ರೌಢಶಾಲೆ ಶಿಕ್ಷಕಿ, ಹೊಸನಗರ ತಾಲ್ಲೂಕು

ಉತ್ತರ: ಎಡವಿರುವುದು ಹೊತ್ತಿನಲ್ಲಿ, ಅಭ್ಯಾಸದಲ್ಲಲ್ಲ. ಇರುವ ಒಂದೇ ಬಸ್ಸು ಹಿಡಿಯಲು ಏಳೂಕಾಲಿಗೆ ಮನೆ ಬಿಟ್ಟ ಹುಡುಗ ಒಂದು ಲೋಟ ಕಾಫಿ ಕುಡಿದು ಬಂದಿರುತ್ತಾನೆ. ಹಿಂದಿನ ರಾತ್ರಿ ಎಂಟಕ್ಕೆ ಉಂಡಿದ್ದರೆ ಪ್ರಾರ್ಥನೆಯ ಹೊತ್ತಿಗೆ ಹದಿಮೂರು ಹದಿನಾಲ್ಕು ಗಂಟೆ ಆಯಿತು. ಅಂಥವನು ಬಿಸಿಲಲ್ಲಿ ನಿಂತು, ಆಮೇಲೆ ಕೂತು, ಕಣ್ಣು ಮುಚ್ಚಿ ಉಸಿರು ಎಳೆದರೆ ತಲೆ ಸುತ್ತುವುದರಲ್ಲಿ ಆಶ್ಚರ್ಯವಿಲ್ಲ. ನಗುವಿಗೂ ಬಹಳ ಸಲ ಇದೇ ಕಾರಣ. ಖಾಲಿ ಹೊಟ್ಟೆ ಮತ್ತು ಕರುಳು ತೊಂಬತ್ತರಿಂದ ನೂರಿಪ್ಪತ್ತು ನಿಮಿಷಕ್ಕೊಮ್ಮೆ ತಮ್ಮನ್ನು ತಾವೇ ಗುಡಿಸಿಕೊಳ್ಳುವಂತೆ ಹಿಂಡಿಕೊಳ್ಳುತ್ತವೆ, ಆಗ ಗುರ್ ಎಂದು ಸದ್ದಾಗುತ್ತದೆ. ಗಲಾಟೆಯ ತರಗತಿಯಲ್ಲಿ ಅದು ಕೇಳುವುದಿಲ್ಲ. ನೀವು ಮಾಡಿಸಿದ ಮೌನದಲ್ಲಿ ಪಕ್ಕದ ಇಬ್ಬರಿಗೆ ಕೇಳುತ್ತದೆ, ನಗು ಬರುತ್ತದೆ. ಯಾರ ಹೊಟ್ಟೆ ಸದ್ದು ಮಾಡಿತೋ ಆ ಮಗು ಮರುದಿನದಿಂದ ಮೌನಕ್ಕೆ ಹೆದರುತ್ತದೆ.

ಹಾಗಾಗಿ ಅಭ್ಯಾಸವನ್ನು ಕ್ಷೀರಭಾಗ್ಯದ ಹಾಲು ಕುಡಿದ ಮೇಲಕ್ಕೆ ತಳ್ಳಿ. 18 ಗ್ರಾಂ ಪುಡಿಯಿಂದ ಮಾಡಿದ 150 ಮಿ.ಲೀ. ಹಾಲು ಹೊಟ್ಟೆ ತುಂಬಿಸುವುದಿಲ್ಲ, ಆದರೆ ಹೊಟ್ಟೆಯನ್ನು ಸುಮ್ಮನಿರಿಸುತ್ತದೆ. ಬಿಸಿಯೂಟ ಆದ ತಕ್ಷಣ ಮಾತ್ರ ಬೇಡ, ಅದು ನಿದ್ದೆಯ ಹೊತ್ತು. ಯಾರು ತಿಂದು ಬಂದಿಲ್ಲ ಎಂದು ತರಗತಿಯಲ್ಲಿ ಕೈ ಎತ್ತಿಸಬೇಡಿ. ಹಾಜರಿ ಕರೆಯುವಾಗ ‘ಇವತ್ತು ಎಷ್ಟು ಹೊತ್ತಿಗೆ ಮನೆ ಬಿಟ್ಟೆ?’ ಎಂದು ಕೇಳಿದರೆ ಸಾಕು, ಉಳಿದದ್ದು ತಾನಾಗಿ ತಿಳಿಯುತ್ತದೆ.

ಐದು ನಿಮಿಷ ಶುರುವಿಗೆ ಜಾಸ್ತಿ. ಮೊದಲ ವಾರ ಎರಡು ನಿಮಿಷ, ಮೂರನೇ ವಾರಕ್ಕೆ ಮೂರು, ತಿಂಗಳಾದ ಮೇಲೆ ಐದು. ಕಣ್ಣು ಮುಚ್ಚಲೇಬೇಕೆಂಬ ಹಟ ಬೇಡ. ನೋಟ ಡೆಸ್ಕಿನ ಮೇಲೆ ಎರಡಡಿ ಮುಂದಕ್ಕೆ ಇಳಿದಿದ್ದರೆ ಆಯಿತು. ಮನೆಯಲ್ಲಿ ಹೊಡೆತ ಬಡಿತ ಕಂಡ ಮಕ್ಕಳಿಗೆ ಎಲ್ಲರ ನಡುವೆ ಕಣ್ಣು ಮುಚ್ಚುವುದೇ ಭಯ. ಉಸಿರಿನ ಬದಲು ಸದ್ದನ್ನು ಹಿಡಿಯಲು ಹೇಳಿ. ಆಷಾಢದಲ್ಲಿ ಹಂಚಿನ ಮೇಲೆ ಬೀಳುವ ಮಳೆಗಿಂತ ಒಳ್ಳೆಯ ವಸ್ತು ಬೇಕೆ? ‘ಮಳೆಯಲ್ಲಿ ಎಷ್ಟು ಬಗೆಯ ಸದ್ದು ಇದೆ, ಮನಸ್ಸಿನಲ್ಲೇ ಎಣಿಸಿ’ ಎಂದರೆ ಸಾಕು. ಹಂಚಿನ ಮೇಲಿನದು, ಅಂಚಿನಿಂದ ಅಂಗಳಕ್ಕೆ ಸುರಿಯುವುದು, ಒಳಗೆ ಬಕೆಟ್ಟಿಗೆ ತೊಟ್ಟಿಕ್ಕುವುದು. ನಾಲ್ಕನೆಯದನ್ನು ಹುಡುಕುವಷ್ಟರಲ್ಲಿ ಎರಡು ನಿಮಿಷ ಮುಗಿದಿರುತ್ತದೆ. ಶುರುವಿಗೂ ಕೊನೆಗೂ ಸ್ಟೀಲ್ ಲೋಟಕ್ಕೆ ಚಮಚದಿಂದ ಒಂದು ಬಡಿತ ಸಾಕು, ಬೇರೆ ಗಂಟೆ ಬೇಡ.

ಊಟದ ಜೊತೆ ಗಮನವನ್ನು ಬೆಸೆಯಬೇಕೆಂದಿದ್ದರೆ ನೆಲ್ಲಿಕಾಯಿಯಿಂದ ಆರಂಭಿಸಿ. ಜಾನ್ ಕಬಾಟ್-ಜಿನ್ 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ರೋಗಿಗಳಿಗಾಗಿ ಶುರು ಮಾಡಿದ ಎಂಟು ವಾರಗಳ ತರಬೇತಿಯಲ್ಲಿ ಒಂದೇ ಒಂದು ಒಣದ್ರಾಕ್ಷಿಯನ್ನು ಹಲವು ನಿಮಿಷ ತಿನ್ನಿಸುವ ಅಭ್ಯಾಸವಿದೆ, ಜಗತ್ತಿನ ತರಗತಿಗಳಿಗೆಲ್ಲ ಅದೇ ಹಬ್ಬಿತು. ನಮ್ಮ ಕಡೆ ಅದಕ್ಕೆ ಬೆಟ್ಟದ ನೆಲ್ಲಿಯೇ ಸರಿ. ಮಗುವಿಗೆ ಒಂದು ಕಾಯಿ, ಅರ್ಧ ಲೋಟ ಕುಡಿಯುವ ನೀರು. ಒಂದು ನಿಮಿಷ ಅಂಗೈಯಲ್ಲಿಟ್ಟು ನೋಡಲಿ, ಕಾಯಿಯ ಮೇಲಿನ ಆರು ಗೆರೆಗಳನ್ನು ಉಗುರಿನಿಂದ ಮುಟ್ಟಿ ಎಣಿಸಲಿ. ಒಂದು ಕಡಿತ ಕಚ್ಚಿ, ಜಗಿಯದೆ ಹತ್ತು ಎಣಿಸುವವರೆಗೆ ನಾಲಿಗೆಯ ಮೇಲಿಟ್ಟುಕೊಳ್ಳಲಿ. ಹುಳಿ, ಒಗರು, ಆಮೇಲೆ ಬಾಯಿ ಒಣಗಿದ ಹಾಗೆ. ನುಂಗಿದ ಮೇಲೆ ಒಂದು ಗುಟುಕು ನೀರು, ಅದು ಸಿಹಿಯಾಗಿ ಇಳಿಯುತ್ತದೆ. ದ್ರಾಕ್ಷಿಯಲ್ಲಿ ಈ ತಿರುವು ಇಲ್ಲ. ಬಾಯಿಹುಣ್ಣು ಇದ್ದವರಿಗೆ, ಖಾಲಿ ಹೊಟ್ಟೆಯವರಿಗೆ ಇದು ಬೇಡ. ನೆಲ್ಲಿ ಸಿಗದ ಮಳೆಗಾಲದಲ್ಲಿ ಒಂದು ಚಿಟಿಕೆ ಅವಲಕ್ಕಿ ನಡೆಯುತ್ತದೆ.

ಒಂದು ಎಚ್ಚರಿಕೆ. ನಿಧಾನವಾಗಿ ತಿನ್ನುವ ಈ ಪಾಠವನ್ನು ಬಿಸಿಯೂಟದ ಪೂರ್ತಿ ತಟ್ಟೆಗೆ ಹೇರಬೇಡಿ. ಹಸಿದ ಮಗು ಗಬಗಬ ತಿನ್ನುತ್ತದೆ, ತಿನ್ನಲಿ. ಮೊದಲ ಮೂರು ತುತ್ತು ಮಾತ್ರ ಮೌನದಲ್ಲಿ, ಉಳಿದದ್ದು ಅವರ ಪಾಡಿಗೆ.

ಪ್ರಶ್ನೆ: ಪದವಿ ವಿದ್ಯಾರ್ಥಿಗಳಿಗೆ ಸಮಾಜಶಾಸ್ತ್ರ ಹೇಳುತ್ತೇನೆ. ಹೆಚ್ಚಿನವರು ನಗರದವರು, ಹಸಿವು ಎಂದರೆ ಅವರಿಗೆ ಹೋಟೆಲಿನಲ್ಲಿ ಆರ್ಡರ್ ತಡವಾಗುವುದು. ಒಂದು ಇಡೀ ದಿನ ಎಲ್ಲರನ್ನೂ ಉಪವಾಸ ಇಟ್ಟು, ಗಂಟೆಗೊಮ್ಮೆ ಡೈರಿ ಬರೆಸಬೇಕೆಂದಿದ್ದೇನೆ. ಸರಿಯೆ?
— ಉಪನ್ಯಾಸಕ, ಶಿವಮೊಗ್ಗ

ಉತ್ತರ: ನಮ್ಮ ಅಭಿಪ್ರಾಯದಲ್ಲಿ ಬೇಡ. ನಿಮ್ಮ ವಿದ್ಯಾರ್ಥಿಗಳಿಗೆ ಉಪವಾಸ ಹೊಸತಲ್ಲ. ಶಿವರಾತ್ರಿ, ಏಕಾದಶಿ, ರಂಜಾನ್, ಯಾವುದಾದರೊಂದು ಅವರ ಮನೆಯಲ್ಲಿದೆ. ಉಪವಾಸ ಮಾಡಿದವನಿಗೆ ಅದು ಮುಗಿಯುವ ಗಂಟೆ ಗೊತ್ತು, ಮುಗಿದ ಮೇಲೆ ಏನು ತಿನ್ನುತ್ತೇನೆಂದೂ ಗೊತ್ತು. ಹಸಿದವನಿಗೆ ಗೊತ್ತಿಲ್ಲದಿರುವುದೇ ಆ ಎರಡು. ಹೊಟ್ಟೆಯಲ್ಲಾಗುವುದು ಒಂದೇ ಇರಬಹುದು, ತಲೆಯಲ್ಲಾಗುವುದು ಬೇರೆ. ಸಂಜೆ ಆರಕ್ಕೆ ಡೈರಿ ಮುಚ್ಚಿ ಮಸಾಲೆದೋಸೆ ತಿಂದವರು ‘ಹಸಿವು ನನಗೆ ಅರ್ಥವಾಯಿತು’ ಎಂದು ಬರೆದರೆ, ಪಾಠ ಉಲ್ಟಾ ಹೊಡೆದ ಹಾಗೆ.

ದೇಹದ ಲೆಕ್ಕವೂ ನಿಮ್ಮ ಯೋಜನೆಯ ಪರ ಇಲ್ಲ. ಹಸಿವು ಏರುತ್ತಲೇ ಹೋಗುವುದಿಲ್ಲ, ಅಲೆಯಂತೆ ಬರುತ್ತದೆ. ಹೊಟ್ಟೆಯಲ್ಲಿ ಹುಟ್ಟುವ ಗ್ರೆಲಿನ್ ಎಂಬ ಹಾರ್ಮೋನು ನಾವು ದಿನಾ ಉಣ್ಣುವ ಹೊತ್ತಿಗೆ ಏರಿ, ಉಣ್ಣದಿದ್ದರೂ ಆಮೇಲೆ ಇಳಿಯುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಸುಮಾರು ನೂರು ಗ್ರಾಂ ಗ್ಲೈಕೊಜನ್ ಹೆಚ್ಚು ಕಡಿಮೆ ಒಂದು ದಿನ ಸಕ್ಕರೆ ಒದಗಿಸುತ್ತದೆ. ಉಂಡು ಬೆಳೆದ ಇಪ್ಪತ್ತರ ಹುಡುಗ ಒಂದು ದಿನದಲ್ಲಿ ಕಾಣುವುದು ಸ್ವಲ್ಪ ತಲೆನೋವು, ಸ್ವಲ್ಪ ಸಿಡಿಮಿಡಿ, ಅಷ್ಟೇ. ಮಧುಮೇಹಕ್ಕೆ ಔಷಧಿ ತೆಗೆದುಕೊಳ್ಳುವವರು, ರಕ್ತಹೀನತೆ ಇರುವವರು, ಗರ್ಭಿಣಿಯರು, ತೂಕ ಇಳಿಸುವ ಗೀಳಿಗೆ ಊಟ ಬಿಡುವವರು ಮಾತ್ರ ನಿಜಕ್ಕೂ ಅಪಾಯಕ್ಕೆ ಬೀಳುತ್ತಾರೆ. ಇವರಲ್ಲಿ ಯಾರೂ ನಿಮ್ಮೆದುರು ಕೈ ಎತ್ತಿ ಹೇಳುವುದಿಲ್ಲ. ಹಾಸ್ಟೆಲಿನಲ್ಲಿ ತಿಂಡಿ ತಪ್ಪಿಸಿಕೊಂಡೇ ಬರುವ ಒಬ್ಬಿಬ್ಬರೂ ಆ ತರಗತಿಯಲ್ಲಿ ಇರುತ್ತಾರೆ.

ದೀರ್ಘ ಹಸಿವು ಏನು ಮಾಡುತ್ತದೆ ಎಂದು ತಿಳಿಯಲು ಯಾರನ್ನೂ ಉಪವಾಸ ಕೆಡವಬೇಕಿಲ್ಲ, ಆಗಲೇ ದಾಖಲಾಗಿದೆ. 1944–45ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ಮತ್ತು ಸಂಗಡಿಗರು, ಯುದ್ಧಕ್ಕೆ ಹೋಗಲು ಒಪ್ಪದ 36 ಯುವಕರನ್ನು ಅವರ ಒಪ್ಪಿಗೆಯ ಮೇಲೆ 24 ವಾರ ಅರೆಹೊಟ್ಟೆಯಲ್ಲಿಟ್ಟರು. ದಿನಕ್ಕೆ ಸುಮಾರು 1,570 ಕ್ಯಾಲೊರಿ, ಅಂದರೆ ಮೊದಲು ತಿನ್ನುತ್ತಿದ್ದುದರ ಅರ್ಧದಷ್ಟು. ತೂಕದಲ್ಲಿ ಕಾಲು ಭಾಗ ಇಳಿಯಿತು. ಅದಕ್ಕಿಂತ ನೋಡಬೇಕಾದ್ದು ನಡವಳಿಕೆ. ಬೇಸಿಗೆಯಲ್ಲೂ ಚಳಿ ಎನ್ನುತ್ತಿದ್ದರು. ಮೆಟ್ಟಿಲು ಹತ್ತಲು ಮನಸ್ಸಿಲ್ಲ. ನಗು, ಗೆಳೆತನ, ಓದು ಎಲ್ಲದರಲ್ಲೂ ಆಸಕ್ತಿ ಸತ್ತಿತು, ಉಳಿದದ್ದು ಅನ್ನದ ಯೋಚನೆ ಒಂದೇ. ಕೆಲವರು ಅಡುಗೆ ಪುಸ್ತಕ ಕೂಡಿಡತೊಡಗಿದರು, ತಟ್ಟೆ ನೆಕ್ಕಿದರು. ಇದನ್ನು ಓದಿ ಹೇಳಿ, ಮೂರು ನಿಮಿಷ ಮೌನವಾಗಿರಿ, ಆಮೇಲೆ ಒಂದೇ ಪ್ರಶ್ನೆ ಬರೆಸಿ: ‘ಶಾಲೆಯಲ್ಲಿ ನಾವು ಸೋಮಾರಿ, ಮಂಕು, ಮುಂಗೋಪಿ ಎಂದು ಹೆಸರಿಟ್ಟ ಗೆಳೆಯ ಅಥವಾ ಗೆಳತಿ ಇದ್ದರೆ, ಅವರ ಬಗ್ಗೆ ಈಗ ಏನನಿಸುತ್ತದೆ?’ ಹೆಸರು ಬರೆಯುವುದು ಬೇಡ. ದೀರ್ಘ ಹಸಿವು ಅಳುವುದಿಲ್ಲ, ಮಂಕಾಗಿ ಕೂರುತ್ತದೆ. ಹೊಟ್ಟೆ ತುಂಬಿದ್ದರೂ ಕಬ್ಬಿಣ ಸಾಲದಿದ್ದರೆ ಹಾಗೆಯೇ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಐದು ವರ್ಷದೊಳಗಿನವರಲ್ಲಿ ಶೇ. 35.4ರಷ್ಟು ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಇರಲಿಲ್ಲ.

ಕೈಯಾರೆ ಏನಾದರೂ ಮಾಡಿಸಲೇಬೇಕು ಎಂದಿದ್ದರೆ ಒಂದು ತಟ್ಟೆಯನ್ನು ತೂಗಿಸಿ. ಬಿಸಿಯೂಟದಲ್ಲಿ ಒಂದರಿಂದ ಐದನೇ ತರಗತಿಯ ಮಗುವಿಗೆ ಒಂದು ದಿನಕ್ಕೆ ನಿಗದಿಯಾದದ್ದು 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ನಲವತ್ತು ಜನರಿಗೆ ಅಕ್ಕಿ 4 ಕೆ.ಜಿ., ತೊಗರಿಬೇಳೆ 800 ಗ್ರಾಂ, ತರಕಾರಿ 2 ಕೆ.ಜಿ., ಎಣ್ಣೆ 200 ಗ್ರಾಂ. ಒಂದು ಗ್ರಾಂ ತನಕ ತೋರಿಸುವ ಅಡುಗೆ ತಕ್ಕಡಿ ಬೇಕು. ಪ್ರತಿಯೊಬ್ಬರೂ ತಮ್ಮ 20 ಗ್ರಾಂ ಬೇಳೆಯನ್ನು ತಾವೇ ತೂಗಿ ಅಂಗೈಯಲ್ಲಿ ಹಿಡಿದು ಒಂದು ನಿಮಿಷ ನೋಡಲಿ. ಒಂದು ಹಿಡಿಯೂ ಆಗುವುದಿಲ್ಲ. ಆಮೇಲೆ ಒಟ್ಟಿಗೆ ಹಾಕಿ ಬೇಯಿಸಿ. ಅನ್ನ ತೂಕದಲ್ಲಿ ಎರಡೂವರೆಯಿಂದ ಮೂರು ಪಟ್ಟಾಗುತ್ತದೆ. ಬಡಿಸುವಾಗಲೂ ತೂಗಿ ಬಡಿಸಿ, ಮೊದಲ ಐದು ನಿಮಿಷ ಮಾತಿಲ್ಲದೆ ಉಣ್ಣಲಿ. ಉಂಡ ಮೇಲೆ ಲೆಕ್ಕ: ಅಕ್ಕಿಯಿಂದ 350ರಷ್ಟು ಕ್ಯಾಲೊರಿ, ಬೇಳೆಯಿಂದ 70, ಎಣ್ಣೆಯಿಂದ 45, ತರಕಾರಿಯಿಂದ ಹತ್ತು ಹದಿನೈದು. ನಿಯಮ ಕೇಳುವ 450 ದಾಟಿತು. ಹತ್ತು ವರ್ಷದ ಮಗುವಿಗೆ ದಿನಕ್ಕೆ ಎರಡು ಸಾವಿರದ ಆಸುಪಾಸು ಬೇಕು. ಉಳಿದದ್ದು ಎಲ್ಲಿಂದ ಬರುತ್ತದೆ, ಶಾಲೆಗೆ ರಜೆ ಇರುವ ದಿನ ಎಲ್ಲಿಂದ ಬರುತ್ತದೆ ಎಂದು ಕೇಳಿ, ಬರೆಯಲು ಹದಿನೈದು ನಿಮಿಷ ಕೊಡಿ.

ಕೆಡುವುದು ಒಗ್ಗರಣೆಯಲ್ಲಿ. ಯಾರೋ ಒಬ್ಬರು ರುಚಿಯಾಗಲಿ ಎಂದು ಎಣ್ಣೆ ಸುರಿಯುತ್ತಾರೆ, ಲೆಕ್ಕ ಬಿದ್ದುಹೋಗುತ್ತದೆ. 200 ಗ್ರಾಂ ಎಣ್ಣೆಯನ್ನು, ಅಂದರೆ 220 ಮಿ.ಲೀ.ಯಷ್ಟನ್ನು, ಮೊದಲೇ ಬೇರೆ ಬಾಟಲಿಗೆ ಹಾಕಿಟ್ಟು ಮೂಲ ಡಬ್ಬಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ. ಚೀಟಿ ಎತ್ತಿಸಿ ಕೆಲವರಿಗೆ ಹಬ್ಬದೂಟ, ಹೆಚ್ಚಿನವರಿಗೆ ಬರೀ ಗಂಜಿ ಕೊಡುವ ‘ಹಸಿವಿನ ಔತಣ’ವನ್ನು ಆಕ್ಸ್‌ಫ್ಯಾಮ್ ಸಂಸ್ಥೆ ಹೊರದೇಶದ ಕಾಲೇಜುಗಳಲ್ಲಿ ಜನಪ್ರಿಯ ಮಾಡಿದೆ. ಅಲ್ಲಿ ಅದು ನಡೆಯುತ್ತದೆ. ಇಲ್ಲಿ ಗಂಜಿಯ ಚೀಟಿ ಮನೆಯಲ್ಲೂ ಗಂಜಿ ಕುಡಿಯುವವನ ಕೈಗೇ ಬಂದರೆ ಏನು ಮಾಡುತ್ತೀರಿ?

ಪ್ರಶ್ನೆ: ‘ಒಂದು ಹೆಜ್ಜೆ ಮುಂದೆ’ ಆಟ ಆಡಿಸಿದೆ. ‘ಮನೆಯಲ್ಲಿ ಕಾರಿದ್ದರೆ ಒಂದು ಹೆಜ್ಜೆ ಮುಂದೆ’, ‘ಅಪ್ಪ ಅಮ್ಮ ಕೂಲಿಗೆ ಹೋಗುತ್ತಿದ್ದರೆ ಒಂದು ಹೆಜ್ಜೆ ಹಿಂದೆ’ ಹೀಗೆ. ಕೊನೆಗೆ ಒಬ್ಬಳೇ ಹುಡುಗಿ ಗೋಡೆಗೆ ಒರಗಿ ನಿಂತಿದ್ದಳು. ಆಮೇಲೆ ಮೂರು ದಿನ ಶಾಲೆಗೆ ಬರಲಿಲ್ಲ. ಉದ್ದೇಶ ಒಳ್ಳೆಯದೇ ಇತ್ತು.
— ಶಿಕ್ಷಕ, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಮೊದಲು ಆ ಹುಡುಗಿಯ ವಿಷಯ. ಅವಳು ಬಂದ ದಿನ ತರಗತಿಯೆದುರು ಏನೂ ಹೇಳಬೇಡಿ, ಸಮಾಧಾನಕ್ಕೆಂದು ಪೆನ್ನು ಪುಸ್ತಕ ಕೊಡಲೂ ಹೋಗಬೇಡಿ. ಜಗುಲಿಯಲ್ಲೋ ಗ್ರಂಥಾಲಯದ ಮೂಲೆಯಲ್ಲೋ ಇನ್ನೊಬ್ಬ ಶಿಕ್ಷಕಿ ಜೊತೆಗಿರುವಾಗ, ‘ಆ ಆಟ ಆಡಿಸಿದ್ದು ನನ್ನ ತಪ್ಪು, ಇನ್ನು ಆಡಿಸುವುದಿಲ್ಲ’ ಎಂದು ಎರಡು ಮಾತಿನಲ್ಲಿ ಮುಗಿಸಿ. ಅವಳ ಉತ್ತರಕ್ಕೆ ಕಾಯಬೇಡಿ. ಇನ್ನೂ ಬಾರದಿದ್ದರೆ ಮನೆಗೆ ಹೋಗುವುದು ಶಿಕ್ಷಕಿಯೇ ಆಗಲಿ.

ಈ ಆಟದ ಕೊರತೆ ಅದರ ಹುಟ್ಟಿನಲ್ಲೇ ಇದೆ. ಮುಂದೆ ನಿಂತವರಿಗೆ ಪಾಠ ಸಿಗುತ್ತದೆ, ಅದರ ಬೆಲೆ ಕೊಡುವವರು ಹಿಂದೆ ನಿಂತವರು. ಅವರಿಗೆ ಹೊಸದಾಗಿ ಏನೂ ತಿಳಿಯುವುದಿಲ್ಲ, ಗೊತ್ತಿದ್ದದ್ದೇ ಎಲ್ಲರಿಗೂ ಕಾಣುತ್ತದೆ ಅಷ್ಟೇ. ಬೇರೆ ದೇಶಗಳಲ್ಲೂ ಇದನ್ನು ಆಡಿಸಿದವರಲ್ಲಿ ಕೆಲವರು ಇದೇ ಕಾರಣಕ್ಕೆ ಕೈಬಿಟ್ಟಿದ್ದಾರೆ.

ಬದಲಿಗೆ ಕಾಗದದ ಮನುಷ್ಯರನ್ನು ಮಾಡಿಕೊಳ್ಳಿ. ಪೋಸ್ಟ್‌ಕಾರ್ಡ್ ಗಾತ್ರದ ಎಂಟು ರಟ್ಟು, ಒಂದೊಂದರಲ್ಲಿ ಒಬ್ಬರು: ಐದೆಕರೆ ಅಡಿಕೆ ತೋಟದ ಮನೆಯ ಮಗ. ಅದೇ ತೋಟಕ್ಕೆ ಕೊಯ್ಲಿನ ಕಾಲದಲ್ಲಿ ಅಡಿಕೆ ಸುಲಿಯಲು ಹೋಗುವವಳ ಮಗಳು. ಬಯಲುಸೀಮೆಯಿಂದ ಕೆಲಸ ಹುಡುಕಿ ಬಂದು ತೋಟದ ಶೆಡ್ಡಿನಲ್ಲಿರುವ ದಂಪತಿಯ ಮಗ. ಮೀನು ಮಾರುವವರ ಮಗಳು. ಬ್ಯಾಂಕ್ ನೌಕರರ ಮಗಳು. ಅಣೆಕಟ್ಟಿನ ನೀರಿಗೆ ಊರು ಬಿಟ್ಟು ಬಂದು, ಹಕ್ಕುಪತ್ರವಿಲ್ಲದ ಜಾಗದಲ್ಲಿರುವ ಮನೆಯ ಮೊಮ್ಮಗ. ಇನ್ನೆರಡು ನಿಮ್ಮ ಊರಿಗೆ ಹೊಂದುವಂತೆ. ನಿಮ್ಮ ತರಗತಿಯ ಯಾವ ಮಗುವಿಗೂ ಪೂರ್ತಿ ಹೋಲಬಾರದು, ಅದನ್ನು ಹಾಜರಿ ಪುಸ್ತಕ ಎದುರಿಟ್ಟುಕೊಂಡು ನೋಡಿ.

ಐದೈದು ಮಕ್ಕಳ ಗುಂಪಿಗೆ ಒಂದು ರಟ್ಟು, ಹತ್ತು ಹುಣಸೆ ಬೀಜ. ಯಾರೂ ನಡೆಯುವುದಿಲ್ಲ, ಬೀಜ ನಡೆಯುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಹತ್ತು ಮನೆ ಬರೆದು, ಪ್ರತಿ ಮಾತಿಗೆ ‘ಹೌದು’ ಆದರೆ ಒಂದು ಬೀಜ ಮುಂದಿನ ಮನೆಯಲ್ಲಿ ಇಡುತ್ತಾ ಹೋಗಲಿ. ಕಾರು, ಟಿ.ವಿ. ಕೇಳಬೇಡಿ, ಅದರಿಂದ ಏನೂ ತಿಳಿಯದು. ಹೀಗೆ ಕೇಳಿ: ಮೂರು ದಿನ ಬಿಡದೆ ಮಳೆ ಹೊಡೆದರೂ ಮನೆಗೆ ಬರುವ ಹಣ ನಿಲ್ಲುವುದಿಲ್ಲ. ನಾಳೆಯ ಅಕ್ಕಿ ಇದೆಯೋ ಎಂದು ಈ ಮಗು ಯೋಚಿಸುವುದಿಲ್ಲ. ರಾತ್ರಿ ಜ್ವರ ಬಂದರೆ ಬೆಳಗಿನ ಬಸ್ಸಿಗೆ ಕಾಯಬೇಕಿಲ್ಲ. ಯಾರ ಮನೆಯ ಮದುವೆಗೆ ಹೋದರೂ ಯಾವ ಪಂಕ್ತಿಯಲ್ಲಿ ಕೂರಬೇಕೆಂದು ಯೋಚಿಸಬೇಕಿಲ್ಲ. ಹೋಂವರ್ಕಿನಲ್ಲಿ ತಿಳಿಯದ್ದನ್ನು ಕೇಳಲು ಮನೆಯಲ್ಲಿ ಯಾರೋ ಇದ್ದಾರೆ. ಪ್ರತಿ ಮಾತಿನ ಮೇಲೆ ಅರ್ಧ ನಿಮಿಷ ಮೌನ, ಗುಂಪು ಚರ್ಚಿಸಿ ಬೀಜ ಇಡಲಿ.

ಎರಡು ಕಡೆ ಜಾರಬಹುದು. ಮಕ್ಕಳು ರಟ್ಟಿನ ಪಾತ್ರವನ್ನು ಅಭಿನಯಿಸಲು ಹೊರಟು ಯಾರದೋ ಮಾತಿನ ಧಾಟಿ ಅಣಕಿಸುತ್ತಾರೆ. ‘ನಟನೆ ಇಲ್ಲ, “ಈ ಮಗು” ಎಂದೇ ಮಾತಾಡಬೇಕು’ ಎಂದು ಮೊದಲೇ ಹೇಳಿಬಿಡಿ. ಇನ್ನೊಂದು ಪದದ್ದು. ನೀವು ಫಲಕದ ಮೇಲೆ ‘ಸವಲತ್ತು’ ಎಂದು ಬರೆದಿದ್ದೀರಿ ಎಂದು ಪತ್ರದಿಂದ ತಿಳಿಯಿತು. ಪತ್ರಿಕೆ ಓದುವ ಮಗುವಿಗೆ ಸವಲತ್ತು ಅಂದರೆ ಸರ್ಕಾರ ಕೊಡುವ ಬಸ್ ಪಾಸು, ವಿದ್ಯಾರ್ಥಿವೇತನ, ಸಮವಸ್ತ್ರ. ಅಂದರೆ ಸವಲತ್ತು ಇರುವುದು ಬಡವರಿಗೆ! ‘ಅವರಿಗೆ ಎಲ್ಲಾ ಫ್ರೀ, ನಮಗೇನಿದೆ’ ಎಂಬ ಮಾತು ಹುಟ್ಟುವುದೇ ಅಲ್ಲಿ. ಮಲೆನಾಡಿನಲ್ಲಿ ‘ಅನುಕೂಲಸ್ಥರು’ ಎಂಬ ಮಾತು ಎಲ್ಲರ ಬಾಯಲ್ಲಿದೆ. ಅನುಕೂಲ ಎಂದೇ ಬರೆಯಿರಿ, ‘ಕೇಳದೆ ಬಂದ ಅನುಕೂಲ’ ಎಂದರೆ ಇನ್ನೂ ಸರಿ.

ಪ್ರಶ್ನೆ: ಊಟಕ್ಕೆ ಮೊದಲು ಮೌನದ ಜೊತೆ ಶ್ಲೋಕವೂ ಇದೆ. ಮೊಟ್ಟೆ ತಿನ್ನುವ ಮಕ್ಕಳನ್ನು ಬೇರೆ ಸಾಲಿನಲ್ಲಿ ಕೂರಿಸುತ್ತಾರೆ. ಕೇಳಿದರೆ ‘ಮನಸ್ಸಿನ ಏಕಾಗ್ರತೆಗೆ’ ಎನ್ನುತ್ತಾರೆ.
— ಪೋಷಕರು, ಭದ್ರಾವತಿ

ಉತ್ತರ: ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಕೂಡದು ಎನ್ನುತ್ತದೆ ಸಂವಿಧಾನದ 28ನೇ ವಿಧಿ. ಅನುದಾನಿತ ಶಾಲೆಯಲ್ಲೂ ಪೋಷಕರ ಒಪ್ಪಿಗೆ ಇಲ್ಲದೆ ಮಗುವನ್ನು ಧಾರ್ಮಿಕ ಪ್ರಾರ್ಥನೆಗೆ ಕೂರಿಸುವಂತಿಲ್ಲ. ಏಕಾಗ್ರತೆಗೆ ಮೊದಲ ಮೂರು ತುತ್ತಿನ ಮೌನ ಸಾಕು. ಮೊಟ್ಟೆ ತಿನ್ನುವವರು, ಬಾಳೆಹಣ್ಣು ತಿನ್ನುವವರು ಬಂದ ಕ್ರಮದಲ್ಲೇ ಒಂದೇ ಸಾಲಿನಲ್ಲಿ ಕೂರಬೇಕು. ಮೊಟ್ಟೆ ಬೇಡ ಎನ್ನುವ ಮಗುವಿಗೆ ಅದರ ವಾಸನೆಯೇ ಆಗದಿದ್ದರೆ ಎದ್ದು ಬೇರೆ ಜಾಗ ಹುಡುಕುವುದು ಆ ಮಗುವಿಗೆ ಬಿಟ್ಟದ್ದು, ಶಾಲೆ ಸಾಲು ಮಾಡುವುದಲ್ಲ. ಶಾಲಾಭಿವೃದ್ಧಿ ಸಮಿತಿಯ ಸಭೆಯಲ್ಲಿ ಲಿಖಿತವಾಗಿ ಎತ್ತಿ, ನಡಾವಳಿಯಲ್ಲಿ ಬರೆಸಿ.

ಪ್ರಶ್ನೆ: ಹಸಿವಿನ ಪಾಠಕ್ಕೆ ಆಫ್ರಿಕಾದ ಚಿತ್ರಗಳನ್ನೇ ತೋರಿಸುತ್ತೇವೆ. ನಮ್ಮ ಊರಿನದ್ದೇ ಆದ ಏನಾದರೂ ಇದೆಯೆ?
— ನಿವೃತ್ತ ಶಿಕ್ಷಕರು, ಸಾಗರ

ಉತ್ತರ: ನಿಮ್ಮ ತಾಲ್ಲೂಕಿನಲ್ಲೇ ಕಾಗೋಡು ಇದೆಯಲ್ಲ! 1951ರಲ್ಲಿ ಅಲ್ಲಿನ ಗೇಣಿದಾರರು ಎಚ್. ಗಣಪತಿಯಪ್ಪನವರ ಮುಂದಾಳತ್ವದಲ್ಲಿ ಹೋರಾಟಕ್ಕಿಳಿದರು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರವೇ ಜಗಳದ ಮೂಲದಲ್ಲಿತ್ತು. ಸಮಾಜವಾದಿಗಳು ಜೊತೆಗೂಡಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿ ಕೊಟ್ಟ ತಿದ್ದುಪಡಿ ಕಾಯ್ದೆ ಜಾರಿಗೆ ಬಂದದ್ದು 1974ರ ಮಾರ್ಚ್ 1ರಂದು. ಇದನ್ನು ಇತಿಹಾಸದ ಐದು ಅಂಕದ ಉತ್ತರವಾಗಿಸದೆ ಅಳೆಯಲು ಕೂರಿಸಿ.

ಹತ್ತು ಸೆಂ.ಮೀ. ಎತ್ತರದ ಎರಡು ತಗಡಿನ ಡಬ್ಬಿ ಬೇಕು, ಒಂದರ ಬಾಯಿಯ ಅಗಲ ಹತ್ತು ಸೆಂ.ಮೀ., ಇನ್ನೊಂದರದ್ದು ಹತ್ತೂವರೆ. ಪಕ್ಕಪಕ್ಕ ಇಟ್ಟರೂ ಮಕ್ಕಳು ಒಂದೇ ಎನ್ನುತ್ತಾರೆ. ಹನ್ನೆರಡು ಕೆ.ಜಿ. ಭತ್ತ, ಸಿಗದಿದ್ದರೆ ಅಷ್ಟೇ ದೊಡ್ಡ ರಾಶಿ ಒಣ ಮರಳು. ಒಬ್ಬರು ಅಳೆಯಲಿ, ಉಳಿದವರು ಮಾತಾಡದೆ ನೋಡಲಿ. ದೊಡ್ಡ ಡಬ್ಬಿಯಲ್ಲಿ ಇಪ್ಪತ್ತು ಸಲ ಅಳೆದು ಸುರಿದ ರಾಶಿಯನ್ನೇ ಚಿಕ್ಕದರಲ್ಲಿ ಅಳೆದರೆ ಇಪ್ಪತ್ತೆರಡು ಬರುತ್ತದೆ. ಅರ್ಧ ಸೆಂಟಿಮೀಟರು ಎರಡು ಅಳತೆಯನ್ನು ತಿಂದಿತು. ಈಗ ಕೋಲಿನಿಂದ ಸವರಿ ಅಳೆಯುವ ಬದಲು ಮೇಲೆ ಗೋಪುರ ಬರುವ ಹಾಗೆ ತುಂಬಿ ಅಳೆಯಲಿ, ಸುಮಾರು ಇನ್ನೂ ಅಷ್ಟೇ ಹೋಗುತ್ತದೆ. ಮರಳು ಒದ್ದೆಯಿದ್ದರೆ ಗೋಪುರ ವಿಪರೀತ ಎತ್ತರ ನಿಂತು ಲೆಕ್ಕ ಕೆಡುತ್ತದೆ. ಮಳೆಗಾಲದಲ್ಲಿ ಭತ್ತವೇ ಸರಿ. ಕೊನೆಗೆ ಉಳಿದ ಭತ್ತದ ರಾಶಿಯ ಸುತ್ತ ಎರಡು ನಿಮಿಷ ಸುಮ್ಮನೆ ಕೂರಿಸಿ, ‘ಇದರಲ್ಲಿ ಎಷ್ಟು ಊಟ ಇದೆ?’ ಎಂದಷ್ಟೇ ಕೇಳಿ.

ತರಗತಿಯಲ್ಲಿ ಭೂಮಿ ಬಿಟ್ಟುಕೊಟ್ಟವರ ಮೊಮ್ಮಕ್ಕಳೂ, ಪಡೆದವರ ಮೊಮ್ಮಕ್ಕಳೂ ಇರುತ್ತಾರೆ. ಇಂದಿನ ಮನೆಗಳ ಹೆಸರು ಎತ್ತಬೇಡಿ, ಪಾಠ ಕೊಳಗದ್ದೇ ಆಗಿರಲಿ.

ಮನೆಯ ಹಿರಿಯರನ್ನು ‘ಆಷಾಢದಲ್ಲಿ ಅಕ್ಕಿ ಮುಗಿದಾಗ ಏನು ತಿನ್ನುತ್ತಿದ್ದಿರಿ?’ ಎಂದು ಕೇಳಿಕೊಂಡು ಬರಲಿ. ಹಲಸಿನ ಬೇಳೆ, ಕೆಸು, ಕಳಲೆ, ಬೈನೆ ಮರದ ತಿರುಳಿನ ಹಿಟ್ಟು, ಬಿದಿರು ಹೂ ಬಿಟ್ಟ ವರ್ಷ ಬಿದಿರಕ್ಕಿ, ಇಂಥವು ಬರುತ್ತವೆ. ಅದೇ ಕಳಲೆ ಈಗ ರೆಸಾರ್ಟಿನ ಮೆನುವಿನಲ್ಲಿದೆ. ಮಕ್ಕಳು ಮಾಡಿ ನೋಡಲು ಹೊರಟರೆ ಕಳಲೆಯನ್ನು ಹೆಚ್ಚಿ ಎರಡು ಮೂರು ದಿನ ನೀರು ಬದಲಿಸುತ್ತಾ ನೆನೆಸಿ, ಬೇಯಿಸಿಯೇ ತಿನ್ನಬೇಕು ಎಂದು ಕಡ್ಡಾಯವಾಗಿ ಹೇಳಿ. ಹಸಿಯದರಲ್ಲಿ ಸಯನೈಡು ಬಿಡುವ ವಿಷವಿದೆ.

ಪ್ರಶ್ನೆ: ಎಲ್ಲ ಮಾಡಿಸಿದ ಮೇಲೂ ಮಕ್ಕಳು ಬರೆಯುವುದು ಒಂದೇ: ‘ನಾವು ಪುಣ್ಯವಂತರು, ಬಡವರಿಗೆ ಸಹಾಯ ಮಾಡಬೇಕು.’
— ಶಿಕ್ಷಕಿ, ಸೊರಬ ತಾಲ್ಲೂಕು

ಉತ್ತರ: ‘ನಿಮಗೇನನಿಸಿತು’ ಎಂದು ಕೇಳಿದರೆ ಬರುವುದು ಪ್ರಬಂಧದ ಕೊನೆಯ ಸಾಲು, ಅದನ್ನು ಅವರಿಗೆ ಕಲಿಸಿರುವುದು ನಾವೇ. ಅನಿಸಿಕೆ ಬಿಟ್ಟು ಕಂಡದ್ದನ್ನು ಕೇಳಿ. ಇವತ್ತಿನ ಸಾರಿಗೆ ಹಾಕಿದ ತರಕಾರಿ ಯಾವ ಯಾವುದು? ಅಡುಗೆಯವರು ಎಷ್ಟು ಹೊತ್ತಿಗೆ ಬಂದರು, ಉಂಡದ್ದು ಎಷ್ಟು ಹೊತ್ತಿಗೆ, ಯಾರ ಜೊತೆ? ನೀನು ಎರಡನೇ ಸಲ ಬಡಿಸಿಕೊಂಡೆಯಾ, ಕೇಳಲು ಸಂಕೋಚವಾಯಿತೆ? ಅಡುಗೆಯವರನ್ನು ಮೊದಲೇ ಕೇಳಿ ಒಪ್ಪಿಗೆ ಪಡೆಯಿರಿ, ಅವರೂ ನೋಟದ ವಸ್ತು ಆಗಬಾರದು.

ಪುಣ್ಯ, ಸಹಾಯ ಎಂಬ ಮಾತು ಬಂದಾಗ ಒಂದು ದಿನಾಂಕ ಕೊಡಿ: 2001ರ ನವೆಂಬರ್ 28. ದೇಶದ ಎಲ್ಲ ಸರ್ಕಾರಿ ಮತ್ತು ಅನುದಾನಿತ ಪ್ರಾಥಮಿಕ ಶಾಲೆಗಳಲ್ಲಿ ಕನಿಷ್ಠ 300 ಕ್ಯಾಲೊರಿ, 8ರಿಂದ 12 ಗ್ರಾಂ ಪ್ರೋಟೀನು ಇರುವ ಬೇಯಿಸಿದ ಊಟವನ್ನು ವರ್ಷಕ್ಕೆ ಕನಿಷ್ಠ 200 ದಿನ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿದ ದಿನ ಅದು. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ಶಾಲೆಯ ಊಟ ಮಕ್ಕಳ ಹಕ್ಕೆಂದೇ ಸೇರಿತು. ತಟ್ಟೆಯಲ್ಲಿರುವುದು ಯಾರದೋ ಔದಾರ್ಯವಲ್ಲ ಎಂದು ತಿಳಿದ ಮೇಲೆ ಬರೆಯುವ ಧಾಟಿ ಬದಲಾಗುತ್ತದೆ, ಉಣ್ಣುವವರದೂ ನೋಡುವವರದೂ.

ಈ ಬರಹಗಳಿಗೆ ಅಂಕ ಕೊಡಬೇಡಿ, ಕೆಂಪು ಶಾಯಿ ಮುಟ್ಟಿಸಬೇಡಿ, ಕಾಗುಣಿತವನ್ನೂ ತಿದ್ದಬೇಡಿ. ಪುಸ್ತಕ ಮಗುವಿನ ಬಳಿಯೇ ಇರಲಿ. ಗಟ್ಟಿಯಾಗಿ ಓದಿಸುವುದಿದ್ದರೆ ಹಿಂದಿನ ದಿನವೇ ಒಬ್ಬೊಬ್ಬರನ್ನೇ ಕೇಳಿ, ‘ಬೇಡ’ ಎಂದವರನ್ನು ಮತ್ತೆ ಕೇಳಬೇಡಿ. ‘ನಮ್ಮ ಮನೆಯಲ್ಲಿ ರಾತ್ರಿ ಊಟ ಇರಲಿಲ್ಲ’ ಎಂಬ ಸಾಲು ಯಾರಾದರೂ ಬರೆದು ನಿಮಗೆ ತೋರಿಸಿದರೆ ಅಲ್ಲಿಗೆ ಅಭ್ಯಾಸ ಮುಗಿಯಿತು. ಅದೇ ದಿನ ಪಡಿತರ ಚೀಟಿ ಇದೆಯೇ, ಅದರಲ್ಲಿ ಮನೆಯ ಎಲ್ಲರ ಹೆಸರು ಇದೆಯೇ, ಬೆರಳಚ್ಚು ಹೊಂದದೆ ಅಕ್ಕಿ ನಿಂತಿದೆಯೇ ಎಂದು ಮನೆಯವರಿಂದ ತಿಳಿದು, ತಾಲ್ಲೂಕು ಕಚೇರಿಯ ಆಹಾರ ಶಾಖೆಗೆ ಅರ್ಜಿ ಬರೆಯಲು ನೆರವಾಗಿ. ಅರ್ಜಿ ಕೊಟ್ಟ ಸ್ವೀಕೃತಿ ಚೀಟಿಯನ್ನು ಮರೆಯದೆ ಪಡೆಯಿರಿ.